ಜೇನ್‌ಗೆ ತೃಪ್ತಿಯಾಗಲಿಲ್ಲ

ಸತ್ತವರನ್ನು ಹೊಗಳೋದು ಸುಲಭ. ಬದುಕಿದ್ದಾಗ ನಾವೇ ಸತಾಯಿಸಿದ್ದವರನ್ನು ಹೊಗಳೋದು ಇನ್ನೂ ಸುಲಭ. ಯಾಕಂದ್ರೆ ಅವರು ಎದ್ದು ಬಂದು ‘ಹೊಗಳಿಕೆ ಇರಲಿ, ನನ್ನ ಅರ್ಜಿ ಏನಾಯ್ತು ಹೇಳಿ’ ಅಂತ ಕೇಳೋದಿಲ್ಲ. ಇಂಥ ಹೊಗಳಿಕೆಗೆ ರೆಡಿಮೇಡ್ ಪದಗಳೂ ಇವೆ: ಸಹನಾಮೂರ್ತಿ, ತ್ಯಾಗಮಯಿ, ತಾಳ್ಮೆಯ ಪ್ರತಿರೂಪ. ಹೆಂಗಸಾಗಿದ್ದರಂತೂ ಮೂರೂ ಗ್ಯಾರಂಟಿ. ಈ ಪದಗಳು ಕಣ್ಣಿಗೆ ಬಿದ್ದ ಕೂಡಲೇ ನನಗೊಂದು ಅನುಮಾನ ಶುರುವಾಗುತ್ತೆ. ಆಕೆ ಏನೋ ಕೇಳಿರಬೇಕು, ಯಾರೋ ಕೊಟ್ಟಿರಲಿಕ್ಕಿಲ್ಲ.

ಜೇನ್ ಮ್ಯಾನಿಂಗ್ ಜೇಮ್ಸ್ ಕಥೆ ನಿಮ್ಮಲ್ಲಿ ಕೆಲವರ ಇನ್‌ಬಾಕ್ಸಿಗೂ ಬಂದಿರಬಹುದು. ಅಮೆರಿಕದ ಕಂಪನಿಗಳಿಗೆ ದುಡಿಯುವ ನಮಗೆ ಪ್ರತಿ ಫೆಬ್ರವರಿಯಲ್ಲಿ, ಅಲ್ಲಿಯವರು ಕಪ್ಪು ಜನರ ಇತಿಹಾಸವನ್ನು ನೆನೆಯುವ ತಿಂಗಳಲ್ಲಿ, ಇಂಥ ಮೇಲ್‌ಗಳು ಬರ್ತಾ ಇರುತ್ತವೆ. ಒಂದು ಹಳೇ ಫೋಟೋ, ಕೆಳಗೆ ಐದಾರು ಸಾಲು. ನನಗೆ ಬಂದ ಮೇಲ್‌ನ ಸಾರಾಂಶ ಇಷ್ಟು: ಈಕೆ ಮಾರ್ಮನ್ ಪಂಥದ ಮೊದಮೊದಲ ವಲಸಿಗರಲ್ಲಿ ಒಬ್ಬಳಾದ ಕಪ್ಪು ಮಹಿಳೆ, ಬರಿಗಾಲಲ್ಲಿ ನೂರಾರು ಮೈಲಿ ನಡೆದಳು, ಹಸಿದವರಿಗೆ ಹಿಟ್ಟು ಕೊಟ್ಟಳು, ಎಷ್ಟೇ ಕಷ್ಟ ಬಂದರೂ ನಂಬಿಕೆ ಬಿಡಲಿಲ್ಲ. ಆಮೇಲೆ ನಮಗೆಲ್ಲ ಒಂದು ನೀತಿಪಾಠ: ನೀವೂ ಹೀಗೇ ಗಟ್ಟಿಯಾಗಿರಿ, ಕಷ್ಟವನ್ನು ತಾಳಿಕೊಳ್ಳಿ.

ಈ ಐದು ಸಾಲಲ್ಲಿ ಒಂದೂ ಸುಳ್ಳಿಲ್ಲ. ಆದರೂ ಒಟ್ಟು ಕಥೆ ಸುಳ್ಳು. ನನ್ನ ಜಗಳ ಇರೋದು ಅಲ್ಲೇ.

ಮೊದಲು ನಡಿಗೆಯ ವಿಷಯ. ಜೇನ್ ಹುಟ್ಟಿದ್ದು ಅಮೆರಿಕದ ಕನೆಕ್ಟಿಕಟ್ ರಾಜ್ಯದ ವಿಲ್ಟನ್‌ನಲ್ಲಿ, 1820ರ ಆಸುಪಾಸು. ಹುಟ್ಟಿನಿಂದ ಸ್ವತಂತ್ರಳು, ಆದರೆ ತಾಯಿ ಒಂದು ಕಾಲಕ್ಕೆ ಗುಲಾಮಳಾಗಿದ್ದವಳು. ಆರು ವರ್ಷದ ಹುಡುಗಿಯಾಗಿದ್ದಾಗಲೇ ಶ್ರೀಮಂತ ಬಿಳಿಯರ ಮನೆಗೆ ಕೆಲಸಕ್ಕೆ ಹೋದಳು. 1840ರ ದಶಕದ ಆರಂಭದಲ್ಲಿ ಮಾರ್ಮನ್ ಪ್ರಚಾರಕನೊಬ್ಬನ ಮಾತು ಕೇಳಿ ಆ ಪಂಥ ಸೇರಿದಳು. ಆಗ ಅದು ಹೊಸ ಪಂಥ. ಜೋಸೆಫ್ ಸ್ಮಿತ್ ಎಂಬ ಯುವಕ 1830ರಲ್ಲಿ ನ್ಯೂಯಾರ್ಕ್ ರಾಜ್ಯದಲ್ಲಿ ಶುರುಮಾಡಿದ್ದು. ಅವನ ಅನುಯಾಯಿಗಳೆಲ್ಲ ಇಲಿನಾಯ್ ರಾಜ್ಯದ ನಾವೂ ಎಂಬ ಊರಿನಲ್ಲಿ ಸೇರುತ್ತಿದ್ದರು. 1843ರಲ್ಲಿ ಜೇನ್ ತನ್ನ ತಾಯಿ, ಒಡಹುಟ್ಟಿದವರು, ಪುಟ್ಟ ಮಗನನ್ನು ಕಟ್ಟಿಕೊಂಡು ಬಿಳಿಯ ಸಹಭಕ್ತರ ಜೊತೆ ಹೊರಟಳು. ಬಫಲೋ ತನಕ ದೋಣಿ ಪ್ರಯಾಣ ಸರಿಯಾಗೇ ಆಯ್ತು. ಮುಂದಕ್ಕೆ ಬಿಳಿಯರು ದೋಣಿಯಲ್ಲಿ ಹೋದರು, ಇವರಿಗೆ ಜಾಗ ಸಿಗಲಿಲ್ಲ. ಉಳಿದ 800 ಮೈಲಿ, ಅಂದ್ರೆ ಹತ್ತಿರ ಹತ್ತಿರ 1,300 ಕಿಲೋಮೀಟರ್, ಇವರು ನಡೆದರು. ಚಪ್ಪಲಿ ಸವೆದು, ಪಾದ ಬಿರಿದು, ನೆಲದ ಮೇಲೆ ರಕ್ತದ ಹೆಜ್ಜೆಗುರುತು ಬಿದ್ದಿತ್ತು ಅಂತ ಆಕೆಯೇ ಮುಂದೆ ಬರೆಸಿದ್ದಾಳೆ. ಪಿಯೋರಿಯಾ ಎಂಬಲ್ಲಿ ಅಧಿಕಾರಿಗಳು ತಡೆದು ‘ಸ್ವತಂತ್ರರು ಅನ್ನೋದಕ್ಕೆ ಕಾಗದಪತ್ರ ತೋರಿಸಿ’ ಅಂದರು. ಹುಟ್ಟಿನಿಂದಲೇ ಸ್ವತಂತ್ರಳಾದವಳ ಹತ್ತಿರ ಬಿಡುಗಡೆ ಪತ್ರ ಎಲ್ಲಿಂದ ಬರಬೇಕು?

ಮೇಲ್‌ನಲ್ಲಿ ಇದು ‘ಸಾಹಸಯಾತ್ರೆ’ ಆಗಿತ್ತು. ಇದು ಯಾತ್ರೆಯಲ್ಲ ಸ್ವಾಮಿ, ದೋಣಿ ಹತ್ತಿಸಿಕೊಳ್ಳದೇ ಇದ್ದುದರ ಪರಿಣಾಮ. ಆಕೆಯ ಕಾಲಿನ ಗಟ್ಟಿತನವನ್ನು ಹೊಗಳೋ ಮೊದಲು ದೋಣಿಯ ಬಗ್ಗೆ ಒಂದು ಮಾತಾದರೂ ಬೇಡ್ವಾ?

ನಾವೂ ಊರಲ್ಲಿ ಆಕೆಯನ್ನು ಒಳಗೆ ಕರೆದುಕೊಂಡವರು ಸ್ವತಃ ಜೋಸೆಫ್ ಸ್ಮಿತ್ ಮತ್ತು ಅವನ ಹೆಂಡತಿ ಎಮ್ಮಾ. ಜೇನ್ ಅವರ ಮನೆಯಲ್ಲೇ ಇದ್ದು ಬಟ್ಟೆ ಒಗೆಯುವ, ಮನೆಗೆಲಸದ ಕೆಲಸ ಮಾಡಿದಳು. ಅಲ್ಲಿ ಒಂದು ಘಟನೆ ನಡೀತು. ‘ನಮ್ಮ ಮಗಳಾಗಿ ನಿನ್ನನ್ನು ಸೇರಿಸಿಕೊಳ್ಳೋಣವಾ?’ ಅಂತ ಎಮ್ಮಾ ಕೇಳಿದಳು. ಅದು ಕಾನೂನಿನ ದತ್ತು ಅಲ್ಲ, ಪರಲೋಕಕ್ಕೂ ಸಲ್ಲುವ ಧಾರ್ಮಿಕ ಸಂಬಂಧ. ಮಾತು ಅರ್ಥವಾಗದೆ ಜೇನ್ ಬೇಡ ಅಂದುಬಿಟ್ಟಳು. ಹೊಸದಾಗಿ ಬಂದ ಕೆಲಸದ ಹುಡುಗಿಗೆ ಅದು ಹೇಗೆ ಅರ್ಥವಾಗಬೇಕು? ಆದರೆ ‘ಮಗಳು’ ಅನ್ನುವ ಆ ಪದವನ್ನು ಆಕೆ ಜೀವನಪೂರ್ತಿ ಮರೆಯಲಿಲ್ಲ. ಮುಂದಿನದೆಲ್ಲ ನಿಂತಿರೋದು ಅದರ ಮೇಲೇ.

1844ರ ಜೂನ್‌ನಲ್ಲಿ ಜೋಸೆಫ್ ಸ್ಮಿತ್‌ನನ್ನು ಕಾರ್ಥೇಜ್ ಜೈಲಿನಲ್ಲಿ ಗುಂಪೊಂದು ಕೊಂದಿತು. ಬ್ರಿಗಮ್ ಯಂಗ್ ನಾಯಕತ್ವದಲ್ಲಿ ಮಾರ್ಮನ್ನರು ಪಶ್ಚಿಮಕ್ಕೆ ವಲಸೆ ಹೊರಟರು. ಅಷ್ಟರಲ್ಲಿ ಐಸಾಕ್ ಜೇಮ್ಸ್‌ನನ್ನು ಮದುವೆಯಾಗಿದ್ದ ಜೇನ್, ದಾರಿಯಲ್ಲೇ ಇನ್ನೊಂದು ಮಗು ಹೆತ್ತು, 1847ರ ಸೆಪ್ಟೆಂಬರ್‌ನಲ್ಲಿ ಇವತ್ತಿನ ಸಾಲ್ಟ್ ಲೇಕ್ ಸಿಟಿ ಇರುವ ಕಣಿವೆಗೆ ಬಂದಳು. ಮೊದಲ ತಂಡ ಜುಲೈ 24ರಂದು ಮುಟ್ಟಿತ್ತು. ಯೂಟಾ ರಾಜ್ಯಕ್ಕೆ ಆ ದಿನ ಇವತ್ತಿಗೂ ಸರ್ಕಾರಿ ರಜೆ. ಆ ಮೊದಲ ತಂಡದಲ್ಲೂ ಮೂವರು ಕಪ್ಪು ಗಂಡಸರಿದ್ದರು, ಮೂವರೂ ಗುಲಾಮರು. ಜೇನ್ ಬಂದಿದ್ದು ಸ್ವತಂತ್ರಳಾಗಿ, ಎರಡೇ ತಿಂಗಳ ನಂತರ.

ಇನ್ನು ಹಿಟ್ಟಿನ ಕಥೆ. 1849ರ ವಸಂತದಲ್ಲಿ ಎಲೈಜಾ ಲೈಮನ್ ಎಂಬಾಕೆಯ ಗಂಡ ಮನೆಯಲ್ಲಿ ಹಿಟ್ಟಿಲ್ಲದ ಹೊತ್ತಿನಲ್ಲಿ ಕ್ಯಾಲಿಫೋರ್ನಿಯಾಕ್ಕೆ ಹೊರಟ. ಜೇನ್ ಎರಡು ಪೌಂಡ್ ಹಿಟ್ಟು ಕೊಟ್ಟಳು. ಅದು ಜೇನ್ ಮನೆಯಲ್ಲಿದ್ದ ಹಿಟ್ಟಿನ ಅರ್ಧ ಪಾಲು ಅಂತ ಎಲೈಜಾ ಡೈರಿಯಲ್ಲಿ ಬರೆದುಕೊಂಡಿದ್ದಾಳೆ. ಎಲ್ಲರೂ ಹೇಳೋದು ಇಷ್ಟೇ. ಹೇಳದೆ ಬಿಡೋದು ಇದು: ಎಲೈಜಾಳ ಗಂಡ ಅಮಾಸಾ ಲೈಮನ್ ಚರ್ಚಿನ ಹನ್ನೆರಡು ಅಪೊಸ್ತಲರಲ್ಲಿ ಒಬ್ಬ. ಅಂದ್ರೆ ಚರ್ಚಿನ ಅತಿ ದೊಡ್ಡ ಪದವಿಯಲ್ಲಿದ್ದವನ ಸಂಸಾರ ಜೇನ್ ಕೊಟ್ಟ ಹಿಟ್ಟು ತಿಂದಿತು. ಮುಂದೆ ಜೇನ್‌ಗೆ ‘ನಿನಗೆ ಅರ್ಹತೆ ಇಲ್ಲ’ ಅಂದಿದ್ದು ಅಂಥದೇ ಪದವಿಯಲ್ಲಿದ್ದವರು.

ಯಾವುದಕ್ಕೆ ಅರ್ಹತೆ ಇಲ್ಲ? ಸ್ವಲ್ಪ ವಿವರಿಸಬೇಕು. ಮಾರ್ಮನ್ನರಲ್ಲಿ ಭಾನುವಾರದ ಪ್ರಾರ್ಥನೆಯ ಚರ್ಚು ಬೇರೆ, ಟೆಂಪಲ್ ಬೇರೆ. ಟೆಂಪಲ್‌ನಲ್ಲಿ ನಡೆಯುವ ಎರಡು ವಿಧಿ ಮುಖ್ಯ. ಒಂದು ಎಂಡೋಮೆಂಟ್, ಅಂದ್ರೆ ದೇವರ ಜೊತೆ ಒಡಂಬಡಿಕೆ ಮಾಡಿಕೊಳ್ಳುವ ದೀಕ್ಷೆ. ಇನ್ನೊಂದು ಸೀಲಿಂಗ್, ಅಂದ್ರೆ ಗಂಡ, ಹೆಂಡತಿ, ಮಕ್ಕಳನ್ನು ಸಾವಿನಾಚೆಗೂ ಬೇರೆಯಾಗದಂತೆ ಬೆಸೆಯುವ ವಿಧಿ. ಇವೆರಡೂ ಇಲ್ಲದೆ ಅತ್ಯುನ್ನತ ಸ್ವರ್ಗ ಇಲ್ಲ ಅನ್ನೋದು ಅವರ ನಂಬಿಕೆ. 1852ರಲ್ಲಿ ಬ್ರಿಗಮ್ ಯಂಗ್ ಕಪ್ಪು ಜನರಿಗೆ ಪುರೋಹಿತ ಪದವಿ ಇಲ್ಲ ಅಂತ ಬಹಿರಂಗವಾಗಿ ಸಾರಿದ. ಅವನು ಚರ್ಚಿನ ಅಧ್ಯಕ್ಷನೂ ಹೌದು, ಯೂಟಾ ಪ್ರಾಂತ್ಯದ ಗವರ್ನರ್ ಕೂಡ ಹೌದು. ಅದೇ ವರ್ಷ ಅಲ್ಲಿಯ ಶಾಸನಸಭೆ ಗುಲಾಮಗಿರಿಗೆ ಕಾನೂನಿನ ಮುದ್ರೆ ಒತ್ತಿತು. ಪುರೋಹಿತ ಪದವಿಯ ತಡೆಯ ಜೊತೆಗೇ ಟೆಂಪಲ್‌ನ ಈ ಎರಡು ವಿಧಿಗಳ ಬಾಗಿಲೂ ಕಪ್ಪು ಗಂಡಸು, ಹೆಂಗಸು ಇಬ್ಬರಿಗೂ ಮುಚ್ಚಿತು.

‘ಅಯ್ಯೋ, ಒಂದು ಪೂಜೆ ಆಗಲಿಲ್ಲ ಅಂತ ಇಷ್ಟು ರಗಳೆ ಯಾಕೆ?’ ಅಂತ ಕೆಲವರಿಗೆ ಅನ್ನಿಸಬಹುದು. ನಾನೂ ಆ ಧರ್ಮದವನಲ್ಲ, ಆ ವಿಧಿಗಳಲ್ಲಿ ನನಗೆ ನಂಬಿಕೆಯೂ ಇಲ್ಲ. ಆದರೆ ಇಲ್ಲಿ ಲೆಕ್ಕಕ್ಕೆ ಬರೋದು ಜೇನ್ ನಂಬಿಕೆ. ಗಂಡ 1870ರ ಹೊತ್ತಿಗೆ ಬಿಟ್ಟುಹೋದ. ಸುಮಾರು ಇಪ್ಪತ್ತು ವರ್ಷದ ನಂತರ ವಾಪಸ್ ಬಂದು ತೀರಿಕೊಂಡಾಗ ಅವನ ಅಂತ್ಯಕ್ರಿಯೆಯ ಪ್ರಾರ್ಥನೆ ಮಾಡಿಸಿದ್ದೂ ಇದೇ ಜೇನ್. ಮುಪ್ಪಿನಲ್ಲಿ ಆತ್ಮಕಥೆ ಹೇಳಿ ಬರೆಸುವ ಹೊತ್ತಿಗೆ, ಇಬ್ಬರನ್ನು ಬಿಟ್ಟು ಹೆತ್ತ ಮಕ್ಕಳನ್ನೆಲ್ಲ ಆಕೆ ಮಣ್ಣು ಮಾಡಿ ಆಗಿತ್ತು. ಸತ್ತ ಮಕ್ಕಳು ಮತ್ತೆ ಸಿಗುತ್ತಾರಾ ಇಲ್ವಾ ಅನ್ನೋದು ಅಂಥ ತಾಯಿಗೆ ‘ಒಂದು ಪೂಜೆ’ಯ ವಿಷಯ ಅಲ್ಲ.

ಆದ್ದರಿಂದ ಆಕೆ ಕೇಳಿದಳು. ಕೇಳುತ್ತಲೇ ಹೋದಳು. ನನ್ನ ಪ್ರಕಾರ ಜೇನ್ ಬದುಕಿನ ನಿಜವಾದ 800 ಮೈಲಿ ಇದು.

1884ರ ಡಿಸೆಂಬರ್ 27ರಂದು ಚರ್ಚಿನ ಅಧ್ಯಕ್ಷ ಜಾನ್ ಟೇಲರ್‌ಗೆ ಆಕೆಯ ಕಾಗದ ಹೋಯಿತು. ಅಬ್ರಹಾಮನ ಸಂತತಿಯಿಂದ ಭೂಮಿಯ ಎಲ್ಲ ಜನಾಂಗಕ್ಕೂ ಆಶೀರ್ವಾದ ಅಂತ ದೇವರು ಮಾತು ಕೊಟ್ಟಿದ್ದಾನಲ್ಲ, ಹಾಗಿದ್ದರೆ ನನಗೆ ಯಾಕಿಲ್ಲ ಅನ್ನೋದು ಅದರ ತಿರುಳು. ಎಮ್ಮಾ ಒಂದು ಕಾಲಕ್ಕೆ ‘ಮಗಳಾಗ್ತೀಯಾ’ ಅಂದಿದ್ದನ್ನೂ ನೆನಪಿಸಿದ್ದಳು. ಗಮನಿಸಿ, ಇದು ಕಣ್ಣೀರಿಟ್ಟು ಬೇಡುವ ಧಾಟಿಯಲ್ಲ. ಅವರದೇ ಧರ್ಮಗ್ರಂಥ ಹಿಡಿದು, ಅವರದೇ ಪ್ರವಾದಿಯ ಮನೆಯನ್ನು ಸಾಕ್ಷಿಗೆ ಕರೆದು ವಾದ ಮಂಡಿಸಿದ ಹೆಂಗಸಿನ ಧಾಟಿ.

ಉತ್ತರಕ್ಕೆ ವರ್ಷಗಳೇ ಬೇಕಾದವು. 1888ರಲ್ಲಿ ಸ್ಥಳೀಯ ಮುಖ್ಯಸ್ಥನಿಂದ ಒಂದು ಅನುಮತಿ ಪತ್ರ ಬಂತು. ಸತ್ತ ನೆಂಟರ ಪರವಾಗಿ ಟೆಂಪಲ್‌ನಲ್ಲಿ ದೀಕ್ಷಾಸ್ನಾನ ಮಾಡಬಹುದು, ಸದ್ಯ ಇಷ್ಟಕ್ಕೇ ತೃಪ್ತಳಾಗಿರಬೇಕು, ಮುಂದಿನದಕ್ಕೆ ದೇವರ ಅಪ್ಪಣೆ ಬರುವ ತನಕ ಕಾಯಬೇಕು ಅನ್ನೋದು ಅದರ ಸಾರ. ‘ತೃಪ್ತಳಾಗಿರು’ ಅನ್ನೋ ಮಾತನ್ನು ನೆನಪಿಟ್ಟುಕೊಳ್ಳಿ.

1890ರಲ್ಲಿ ಇನ್ನೊಂದು ಕಾಗದ. ಈ ಸಲ ಚರ್ಚಿನ ನಾಯಕರಲ್ಲೊಬ್ಬನಾದ, ಪ್ರವಾದಿಯ ತಮ್ಮನ ಮಗ ಅಲ್ಲ, ಅಣ್ಣನ ಮಗ ಜೋಸೆಫ್ ಎಫ್. ಸ್ಮಿತ್‌ಗೆ. ಕಾಗದಕ್ಕೆ ‘ಸಹೋದರಿ’ ಅಂತಲೇ ಸಹಿ. ಊರೆಲ್ಲ ಆಕೆಯನ್ನು ಕರೆಯುತ್ತಿದ್ದುದು ‘ಆಂಟ್ ಜೇನ್’ ಅಂತ. ಆಕೆ ತನ್ನನ್ನು ಕರೆದುಕೊಂಡಿದ್ದು ಸಹೋದರಿ ಅಂತ. ಸಹೋದರಿಗೆ ಪಾಲು ಕೇಳುವ ಹಕ್ಕಿರುತ್ತೆ.

ಕೊನೆಗೆ 1894ರ ಮೇ 18ರಂದು ಸಾಲ್ಟ್ ಲೇಕ್ ಟೆಂಪಲ್‌ನಲ್ಲಿ ಚರ್ಚು ಒಂದು ‘ಪರಿಹಾರ’ ಕೊಟ್ಟಿತು. ಅದನ್ನು ಓದಿದ ದಿನ ನಾನು ಲ್ಯಾಪ್‌ಟಾಪ್ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ. ಜೇನ್‌ಗೋಸ್ಕರವೇ ಒಂದು ಹೊಸ ವಿಧಿ ನಡೆಸಿ, ಆಕೆಯನ್ನು ಜೋಸೆಫ್ ಸ್ಮಿತ್ ಕುಟುಂಬಕ್ಕೆ ಶಾಶ್ವತವಾಗಿ ಬೆಸೆದರು. ಆದರೆ ಮಗಳಾಗಿ ಅಲ್ಲ, ಸೇವಕಿಯಾಗಿ. ಪರಲೋಕದಲ್ಲೂ ಸೇವಕಿ. ಇಷ್ಟೇ ಅಲ್ಲ, ತನ್ನದೇ ಆ ವಿಧಿಗೆ ಆಕೆಗೆ ಒಳಗೆ ಪ್ರವೇಶವಿರಲಿಲ್ಲ. ಆಕೆ ಬದುಕಿದ್ದಳು, ಅದೇ ಊರಲ್ಲಿದ್ದಳು. ಆದರೂ ಸತ್ತವರ ಪರವಾಗಿ ನಿಲ್ಲುವ ಹಾಗೆ ಆಕೆಯ ಪರವಾಗಿ ಬತ್‌ಶೆಬಾ ಸ್ಮಿತ್ ಎಂಬ ಬಿಳಿಯ ಮಹಿಳೆ ನಿಂತಳು. ತೀರಿಕೊಂಡಿದ್ದ ಪ್ರವಾದಿಯ ಪರವಾಗಿ ನಿಂತವನು ಅದೇ ಜೋಸೆಫ್ ಎಫ್. ಸ್ಮಿತ್.

ಕನ್ನಡದಲ್ಲಿ ‘ಮನೆಯವಳು’ ಅನ್ನೋದಕ್ಕೂ ‘ಮನೆಯವಳ ಥರ’ ಅನ್ನೋದಕ್ಕೂ ಎಷ್ಟು ದೂರ ಅಂತ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ‘ಥರ’ ಅನ್ನೋ ಎರಡಕ್ಷರ ಸೇರಿದ ಕೂಡಲೇ ಪ್ರೀತಿ ಉಳಿಯುತ್ತೆ, ಹಕ್ಕು ಹೋಗುತ್ತೆ. 1894ರ ವಿಧಿ ಆ ಎರಡಕ್ಷರವನ್ನು ಅನಂತಕಾಲಕ್ಕೆ ಕಾಯಂ ಮಾಡಿತು.

ತಾಳ್ಮೆಯ ಮೂರ್ತಿಯಾಗಿದ್ದರೆ ಆಕೆ ಇಲ್ಲಿಗೆ ನಿಲ್ಲಿಸಬೇಕಿತ್ತು. ‘ಇಷ್ಟಾದರೂ ಸಿಕ್ತಲ್ಲ’ ಅಂತ ಕಣ್ಣೊರೆಸಿಕೊಳ್ಳಬೇಕಿತ್ತು. ಅದೇ ವರ್ಷ ಅಕ್ಟೋಬರ್‌ನಲ್ಲಿ ಆಕೆ ಆಗಿನ ಅಧ್ಯಕ್ಷ ವಿಲ್ಫರ್ಡ್ ವುಡ್ರಫ್ ಎದುರು ಎಂಡೋಮೆಂಟ್‌ಗಾಗಿ ಮತ್ತೆ ನಿಂತಳು. ಸಾಧ್ಯವಿಲ್ಲ, ಅದು ದೇವರ ನಿಯಮಕ್ಕೆ ವಿರುದ್ಧ ಅಂತ ಹೇಳಿ ಕಳಿಸಿದ್ದನ್ನು ಅವನೇ ದಿನಚರಿಯಲ್ಲಿ ಬರೆದಿದ್ದಾನೆ. 1902ರಲ್ಲಿ ಚರ್ಚಿನ ಉನ್ನತ ಸಭೆಯ ನಡಾವಳಿಯಲ್ಲಿ ಜೇನ್ ವಿಷಯ ಬಂತು. ಸೇವಕಿಯಾಗಿ ಬೆಸೆದದ್ದರಿಂದ ಆಕೆಗೆ ತೃಪ್ತಿಯಾಗಲಿಲ್ಲ, ಆ ಅತೃಪ್ತಿಯ ಗುರುತಾಗಿ ಮತ್ತೆ ಅರ್ಜಿ ಹಾಕಿದಳು, ಫಲವೇನೂ ಸಿಗಲಿಲ್ಲ ಅನ್ನೋ ಅರ್ಥದ ಮಾತು ಅಲ್ಲಿದೆ. 1903ರಲ್ಲಿ, ಎಂಬತ್ತರ ಗಡಿಯಲ್ಲಿ, ಅಷ್ಟರಲ್ಲಿ ಅಧ್ಯಕ್ಷನಾಗಿದ್ದ ಜೋಸೆಫ್ ಎಫ್. ಸ್ಮಿತ್‌ಗೆ ಮತ್ತೊಂದು ಕಾಗದ.

1888ರಲ್ಲಿ ‘ತೃಪ್ತಳಾಗಿರು’ ಅಂದರು. ಹದಿನಾಲ್ಕು ವರ್ಷದ ನಂತರ ಅವರದೇ ದಾಖಲೆ ‘ಆಕೆಗೆ ತೃಪ್ತಿಯಾಗಲಿಲ್ಲ’ ಅಂತ ಒಪ್ಪಿಕೊಳ್ಳುತ್ತೆ. ಜೇನ್ ಬಗ್ಗೆ ಬರೆದ ನೂರು ಹೊಗಳಿಕೆಗಿಂತ ಅಧಿಕಾರಿಗಳ ಈ ದೂರಿನ ಸಾಲೇ ಆಕೆಗೆ ಹೆಚ್ಚು ಗೌರವ ತರುವಂಥದ್ದು.

ಈಗ ಬರುವ ಸಮಜಾಯಿಷಿಗಳನ್ನು ನೋಡೋಣ. ಮೊದಲನೆಯದು ನಮ್ಮೆಲ್ಲರ ಫೇವರಿಟ್: ‘ಆ ಕಾಲ ಹಾಗಿತ್ತು.’ ಕಾಲ ಹಾಗೆ ಇರಲಿಲ್ಲ. ಜೋಸೆಫ್ ಸ್ಮಿತ್ ಬದುಕಿದ್ದಾಗಲೇ, 1836ರಲ್ಲಿ, ಎಲೈಜಾ ಏಬಲ್ ಎಂಬ ಕಪ್ಪು ವ್ಯಕ್ತಿಗೆ ಪುರೋಹಿತ ಪದವಿ ಸಿಕ್ಕಿತ್ತು. ಅಂದ್ರೆ ಬಾಗಿಲು ಮೊದಲು ತೆರೆದಿತ್ತು, ಆಮೇಲೆ ಮುಚ್ಚಿದರು. ಮುಚ್ಚಿದ್ದು ಜೇನ್ ಯೂಟಾಕ್ಕೆ ಬಂದು ಐದು ವರ್ಷವಾದ ಮೇಲೆ. ಆ ಏಬಲ್ ಕೂಡ ಎಂಡೋಮೆಂಟ್ ಕೇಳಿ ಕೇಳಿ, ಸಿಗದೆ, 1884ರ ಕ್ರಿಸ್ಮಸ್ ದಿನ ತೀರಿಕೊಂಡ. ಜೇನ್‌ಳ ಟೇಲರ್ ಕಾಗದದ ತಾರೀಖು ಅದಕ್ಕಿಂತ ಎರಡು ದಿನ ಈಚಿನದು. ಕಾಲ ತಾನಾಗಿ ಏನೂ ಮಾಡೋದಿಲ್ಲ. ಮನುಷ್ಯರು ಕೂತು ತೀರ್ಮಾನ ಮಾಡುತ್ತಾರೆ, ಆಮೇಲೆ ಅದನ್ನು ಕಾಲದ ತಲೆಗೆ ಕಟ್ಟುತ್ತಾರೆ.

ಎರಡನೆಯದು: ‘ಆಕೆಗೆ ಬೇಕಾದಷ್ಟು ಗೌರವ ಕೊಟ್ಟಿದ್ದರಲ್ಲ.’ ಹೌದು, ಕೊಟ್ಟಿದ್ದರು. ಟ್ಯಾಬರ್ನೇಕಲ್ ಎಂಬ ದೊಡ್ಡ ಪ್ರಾರ್ಥನಾ ಮಂದಿರದಲ್ಲಿ ಮುಂದಿನ ಸಾಲಿನಲ್ಲಿ ಆಕೆಗೂ ಅವಳ ಸಹೋದರ ಐಸಾಕ್ ಮ್ಯಾನಿಂಗ್‌ಗೂ ಜಾಗ ಕಾದಿರಿಸಿದ್ದರು. ಆಕೆ ದಶಮಾಂಶ ಕೊಟ್ಟಳು, ಟೆಂಪಲ್‌ಗಳನ್ನು ಕಟ್ಟಲು ಬಟ್ಟೆ ಒಗೆದ ದುಡ್ಡಿನಿಂದ ದೇಣಿಗೆ ಕೊಟ್ಟಳು. ದೇಣಿಗೆ ತಗೊಳ್ಳುವಾಗ ಯಾರೂ ಬಣ್ಣ ನೋಡಲಿಲ್ಲ. ಮುಂದಿನ ಸಾಲಿನ ಕುರ್ಚಿಗೆ ಕೊಡುವವರಿಗೆ ಖರ್ಚೇನೂ ಇಲ್ಲ. ಕೇಳಿದ್ದನ್ನು ಕೊಟ್ಟರೆ ನಿಯಮ ಬದಲಾಗಬೇಕಾಗುತ್ತೆ, ಅದಕ್ಕೇ ಕೇಳದೇ ಇದ್ದುದನ್ನು ಧಾರಾಳವಾಗಿ ಕೊಡೋದು. ಸಂಬಳ ಹೆಚ್ಚಿಸಿ ಅಂದವರಿಗೆ ವೇದಿಕೆ ಮೇಲೆ ಕರೆದು ಸರ್ಟಿಫಿಕೇಟ್ ಕೊಡುವ ಆಫೀಸುಗಳನ್ನು ನೋಡಿದ ನಮಗೆ ಇದೇನೂ ಹೊಸದಲ್ಲ.

ಮೂರನೆಯದು ಗಟ್ಟಿ ವಾದ, ತಳ್ಳಿಹಾಕೋ ಹಾಗಿಲ್ಲ: ‘ನಂಬಿಕೆ ಕುಂದಿಲ್ಲ ಅಂತ ಆಕೆಯೇ ಆತ್ಮಕಥೆಯಲ್ಲಿ ಹೇಳಿದ್ದಾಳೆ, ನಡುವೆ ನಿಮ್ಮದೇನು?’ ನಿಜ. ಮೊದಲ ದಿನದಷ್ಟೇ, ಅದಕ್ಕಿಂತ ಹೆಚ್ಚೇ ನಂಬಿಕೆ ಇದೆ ಅಂತ ಆಕೆ ಬರೆಸಿದಳು. ಆದರೆ ನಂಬಿಕೆ ಮತ್ತು ದೂರು ಒಂದಕ್ಕೊಂದು ವಿರುದ್ಧ ಅಂತ ಯಾರು ಹೇಳಿದ್ದು? ನಂಬಿಕೆ ಇಲ್ಲದವರು ಎದ್ದು ಹೋಗುತ್ತಾರೆ. ಅರ್ಜಿ ಹಾಕೋದು ನಂಬಿದವರು. ‘ಇದು ನನ್ನ ಮನೆ, ನನ್ನ ಪಾಲು ಎಲ್ಲಿ?’ ಅನ್ನೋದಕ್ಕೆ ಮನೆಯ ಮೇಲೆ ವಿಶ್ವಾಸ ಬೇಕು. ಆಕೆಯ ನಂಬಿಕೆಯನ್ನು ಹೊಗಳುವವರು ಅದರಿಂದಲೇ ಹುಟ್ಟಿದ ಪ್ರಶ್ನೆಯನ್ನು ಕತ್ತರಿಸಿ ಎಸೆಯುತ್ತಾರೆ. ಅದು ಆಕೆಯ ಮಾತಿಗೆ ಕೊಡುವ ಬೆಲೆ ಅಲ್ಲ.

ಕೊನೇದು: ‘ಈಗ ಎಲ್ಲ ಸರಿಯಾಯ್ತಲ್ಲ.’ ಜೇನ್ ತೀರಿಕೊಂಡಿದ್ದು 1908ರ ಏಪ್ರಿಲ್ 16ರಂದು, ಸಾಲ್ಟ್ ಲೇಕ್ ಸಿಟಿಯಲ್ಲಿ. ಕಡೆಗಾಲದಲ್ಲಿ ಕಣ್ಣು ಕಾಣುತ್ತಿರಲಿಲ್ಲ. ಚರ್ಚಿನ ಪತ್ರಿಕೆ ಡೆಸೆರೆಟ್ ನ್ಯೂಸ್ ಆಕೆಯ ಸದ್ಗುಣಗಳನ್ನು ಕೊಂಡಾಡಿತು. ಅಂತ್ಯಕ್ರಿಯೆಯಲ್ಲಿ ಚರ್ಚಿನ ಅಧ್ಯಕ್ಷನೇ ಬಂದು ಮಾತಾಡಿದ. ಹೌದು, ಜೋಸೆಫ್ ಎಫ್. ಸ್ಮಿತ್. 1890ರ ಕಾಗದವೂ 1903ರ ಕಾಗದವೂ ಯಾರಿಗೆ ಹೋಗಿದ್ದವೋ ಅವನೇ. ಜೀವಂತ ಇದ್ದವಳಿಗೆ ಕೊಡದ ಉತ್ತರವನ್ನು ಶವಪೆಟ್ಟಿಗೆಯ ಮುಂದೆ ಹೊಗಳಿಕೆಯಾಗಿ ಕೊಟ್ಟ.

ಚರ್ಚು ತಡೆ ತೆಗೆದಿದ್ದು 1978ರ ಜೂನ್‌ನಲ್ಲಿ. ಜೇನ್ ಸತ್ತು 70 ವರ್ಷವಾಗಿತ್ತು. 1979ರಲ್ಲಿ ಆಕೆಯ ಹೆಸರಿನಲ್ಲಿ ಎಂಡೋಮೆಂಟ್ ವಿಧಿ ನಡೆಯಿತು, ಇನ್ನೊಬ್ಬರು ಆಕೆಯ ಪರವಾಗಿ ನಿಂತರು. 1999ರಲ್ಲಿ ಸಮಾಧಿಯ ಹತ್ತಿರ ಸ್ಮಾರಕ ಬಂತು. 2013ರಲ್ಲಿ ಚರ್ಚು, ಈ ತಡೆಗೆ ಹಿಂದೆ ಕೊಡುತ್ತಿದ್ದ ಜನಾಂಗೀಯ ಸಮರ್ಥನೆಗಳನ್ನು ತಾನು ಒಪ್ಪುವುದಿಲ್ಲ ಅಂತ ಪ್ರಕಟಿಸಿತು. ಇವೆಲ್ಲ ಒಳ್ಳೇದೇ, ಬೇಡ ಅನ್ನೋಕೆ ನಾನ್ಯಾರು? ಆದರೆ ‘ಸರಿಯಾಯ್ತು’ ಅಂತ ಮಾತ್ರ ಹೇಳಬೇಡಿ. 1894ರಲ್ಲಿ ಆಕೆಯ ಜಾಗದಲ್ಲಿ ಇನ್ನೊಬ್ಬರು ನಿಂತರು, ಬದುಕಿದ್ದವಳನ್ನು ಒಳಗೆ ಬಿಡಬಾರದು ಅಂತ. 1979ರಲ್ಲೂ ಇನ್ನೊಬ್ಬರು ನಿಂತರು, ಬಿಡೋಣ ಅನ್ನೋ ಹೊತ್ತಿಗೆ ಆಕೆ ಇರಲಿಲ್ಲ. ಎರಡು ಸಲವೂ ಜೇನ್ ಅಲ್ಲಿರಲಿಲ್ಲ. ಹಕ್ಕಿನ ವಿಷಯದಲ್ಲಿ ತಡ ಅನ್ನೋದು ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡ ಹಾಗಲ್ಲ, ಕೊನೆಗೆ ಹೇಗೋ ತಲುಪಿದೆವು ಅನ್ನೋದಕ್ಕೆ. ಕೇಳಿದವರಿಗೆ ಅದು ತಲುಪಲೇ ಇಲ್ಲ.

ಹಾಗಾದರೆ ಜೇನ್‌ಳನ್ನು ನೆನೆಯಬಾರದಾ? ನೆನೆಯಬೇಕು. ತನ್ನ ಜೀವನವೃತ್ತಾಂತವನ್ನು ತನ್ನ ಅಂತ್ಯಕ್ರಿಯೆಯಲ್ಲಿ ಓದಬೇಕು ಅಂತ ಹೇಳಿಯೇ ಬರೆಸಿದ ಹೆಂಗಸು ಆಕೆ. ತನ್ನ ಬಗ್ಗೆ ಬೇರೆಯವರು ಏನು ಹೇಳಿಯಾರು ಅನ್ನೋ ಅಂದಾಜು ಇತ್ತೋ ಏನೋ. ಮುಂದಿನ ಫೆಬ್ರವರಿಯಲ್ಲಿ ಆ ಫೋಟೋ ಮತ್ತೆ ನಿಮ್ಮ ಇನ್‌ಬಾಕ್ಸಿಗೆ ಬಂದರೆ ಫಾರ್ವರ್ಡ್ ಮಾಡಿ, ಬೇಡ ಅನ್ನಲ್ಲ. ‘ಬರಿಗಾಲಲ್ಲಿ ನಡೆದಳು’ ಅನ್ನೋ ಸಾಲಿನ ಕೆಳಗೆ ನಾಲ್ಕು ಇಸವಿ ಸೇರಿಸಿ: 1884, 1890, 1894, 1903. ಇವು ಆಕೆ ಕೇಳಿದ ವರ್ಷಗಳು ಅಂತ ಬರೆಯಿರಿ. ಯಾರನ್ನು ಕೇಳಿದಳು ಅನ್ನೋದನ್ನೂ ಬರೆಯಿರಿ. ಅವರಿಗೂ ಹೆಸರುಗಳಿದ್ದವು.